ಗಂಡನಿಗೆ ಹೇಳಿದ ಸುಳ್ಳು ತಂತ್ರ

ಮೇಲಿನ ಮನೆಯವರ ಎದುರು ಮೂರನೇ ಪಂದ್ಯವನ್ನೂ ಸೋತ ಸಂಜೆ ನನಗೆ ಗಂಡನ ಮೇಲೆ ಅನುಮಾನ ಹುಟ್ಟಿತು.

ಅದು ಫೋನಿನಲ್ಲಿ ಆಡುವ ಹಾಕಿ. ನಾವು ಸ್ಟಿಕ್ ಹಿಡಿಯುವುದಿಲ್ಲ, ತಂಡದ ಮ್ಯಾನೇಜರ್ ಆಗಿರುತ್ತೇವೆ. ಯಾರನ್ನು ಎಲ್ಲಿ ನಿಲ್ಲಿಸಬೇಕು, ಮುನ್ನುಗ್ಗಬೇಕೋ ಹಿಂದೆ ಸರಿದು ಕಾಯಬೇಕೋ ಎಂದು ಸಂಜೆ ಏಳರೊಳಗೆ ತೀರ್ಮಾನಿಸಿ ಕಳಿಸಬೇಕು. ಏಳಕ್ಕೆ ಲೀಗಿನ ಯಾವುದಾದರೂ ತಂಡದೊಂದಿಗೆ ಪಂದ್ಯ ತಾನಾಗಿ ನಡೆಯುತ್ತದೆ. ಕಾಲೇಜಿನಲ್ಲಿದ್ದಾಗ ಧಾರವಾಡದಲ್ಲಿ ನಿಜವಾದ ಹಾಕಿ ಆಡಿದವಳು ನಾನು. ಮೊಣಕಾಲು ಕೆಟ್ಟು, ಮದುವೆಯಾಗಿ, ಸನತ್‌ನಗರದ ಪಂಪ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಪಾಲಿಗೆ ಉಳಿದ ಹಾಕಿ ಅಷ್ಟೇ.

ಕೂಕಟ್‌ಪಲ್ಲಿಯಲ್ಲಿ ನಮ್ಮ ಮೇಲಿನ ಮಹಡಿಯವರು ಮೈಸೂರಿನ ಎಂಜಿನಿಯರ್. ಹಾಕಿ ಸ್ಟಿಕ್ ಮುಟ್ಟಿದವರೇ ಅಲ್ಲ. ಆದರೂ ನಾನು ಮುನ್ನುಗ್ಗಿಸಿದ ದಿನ ಅವರ ತಂಡ ಉದ್ದ ಪಾಸ್ ಕೊಟ್ಟು ನನ್ನ ಬೆನ್ನ ಹಿಂದೆ ಗೋಲು ಹೊಡೆಯುತ್ತಿತ್ತು. ಹಿಂದೆ ಸರಿದು ಗೋಲಿನ ಮುಂದೆ ಗುಂಪುಗೂಡಿದ ದಿನ, ಅಲ್ಲಿ ತಪ್ಪಾದಾಗ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಪಳಗಿದವರನ್ನೇ ಇಳಿಸಿರುತ್ತಿದ್ದರು. ನನ್ನ ತಂತ್ರ ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಬೆಳಿಗ್ಗೆ ಚಹಾ ಕುಡಿಯುತ್ತ ಎಲ್ಲ ಹೇಳುತ್ತಿದ್ದೆ. ಆಮೇಲೆ ಅವರಿಬ್ಬರೂ ಒಂದೇ ಮೆಟ್ರೊ ಹತ್ತುತ್ತಿದ್ದರು.

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಗಂಡ ಲಿಫ್ಟಿನ ಬಳಿ ಅವರೊಂದಿಗೆ ನಕ್ಕರೆ ಯಾಕೆ ನಕ್ಕರು, ಫೋನನ್ನು ಬೋರಲು ಇಟ್ಟರೆ ಯಾಕೆ ಇಟ್ಟರು ಎಂದು ಗಮನಿಸತೊಡಗಿದೆ. ಎರಡು ವಾರ ಹಾಗೇ ಕಳೆಯಿತು.

ಅವರ ಎದುರಿನ ನಾಲ್ಕನೇ ಪಂದ್ಯದ ಬೆಳಿಗ್ಗೆ, "ಇವತ್ತ ಎಲ್ಲಾರನ್ನೂ ಮುಂದ ಕಳಸ್ತೀನ್ರಿ" ಎಂದು ಗಂಡನಿಗೆ ಸುಳ್ಳು ಹೇಳಿದೆ. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಹಿಂದೆ ಐವರನ್ನು ನಿಲ್ಲಿಸಿ ಕಳಿಸಿದೆ. ಸುದ್ದಿ ದಾಟಿದ್ದರೆ ಎದುರಾಳಿ ಉದ್ದ ಪಾಸಿಗೆ ಸಿದ್ಧವಾಗಿ ಬರಬೇಕಿತ್ತು. ಬಂದವರು ಪೆನಾಲ್ಟಿ ಕಾರ್ನರ್‌ನವರೇ. ಮೂರು ಗೋಲು ತಿಂದೆ.

ತಡೆಯಲಾರದೆ ಮೇಲೆ ಹೋಗಿ, ನನ್ನ ತಂತ್ರ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವರಿಗೆ ಸಂಕೋಚವೇನೂ ಆಗಲಿಲ್ಲ. "ಹಳೇ ಪಂದ್ಯಗಳೆಲ್ಲ ಆಟದಲ್ಲೇ ಇವೆಯಲ್ಲ ಮೇಡಂ. ಸೋತ ಮೇಲೆ ನೀವು ಯಾವಾಗ್ಲೂ ಹಿಂದೆ ಸರೀತೀರ, ಗೆದ್ರೆ ಮುಂದೆ ಹೋಗ್ತೀರ. ಮೊನ್ನೆ ಬೇರೆ ತಂಡದ ಹತ್ರ ಸೋತ್ರಲ್ಲ, ಅದಕ್ಕೇ ಇವತ್ತು ಹಿಂದೆ ಇರ್ತೀರ ಅಂದ್ಕೊಂಡೆ" ಎಂದರು.

ಕೆಳಗೆ ಬಂದಾಗ ಗಂಡ ನನ್ನ ಫೋನಿನಲ್ಲಿ ಪಂದ್ಯ ನೋಡುತ್ತಿದ್ದರು.

"ಮುಂದ ಕಳಸ್ತೀನಿ ಅಂದಿದ್ದಿ. ನನ್ನ ಪರೀಕ್ಷಾ ಮಾಡಿದೇನು?"

ಹೌದು ಎಂದೆ.

ಅವರು ಫೋನನ್ನು ನನ್ನ ಕೈಗೆ ಕೊಟ್ಟರು. "ಮ್ಯಾಲಿನವರು ಮೆಟ್ರೊದಾಗ ದಿನಾ ನಿನ್ನ ತಂತ್ರ ಕೇಳ್ತಿದ್ರು. ನನಗ ಗೊತ್ತಿಲ್ಲ ಅಂತನ ಹೇಳಾಕತ್ತಿದ್ದೆ."

ಎರಡು ಸಲ ಕ್ಷಮೆ ಕೇಳಿದೆ. ಮೊದಲ ಸಲ ತಲೆಯಾಡಿಸಿದರು. ವಾರ ಬಿಟ್ಟು ಕೇಳಿದಾಗ, ಇನ್ನೊಮ್ಮೆ ಹಾಗನ್ನಿಸಿದರೆ ನೇರ ಕೇಳು, ಉತ್ತರ ಕೊಡುತ್ತೇನೆ ಎಂದರು. ಲೀಗಿನಲ್ಲಿ ನಾನು ಆರನೆಯವಳಾದೆ, ಮೇಲಿನವರು ಎರಡನೆಯವರು. ಅವರು ಈಗಲೂ ಎದುರಾದರೆ ನಮಸ್ಕಾರ ಹೇಳುತ್ತಾರೆ, ನಾನೂ ಹೇಳುತ್ತೇನೆ. ಹಳೇ ಪಂದ್ಯ ನೋಡಿಯೇ ನನ್ನ ತಂತ್ರ ಊಹಿಸಬಲ್ಲವರು ದಿನಾ ನನ್ನ ಗಂಡನನ್ನು ಕೇಳುತ್ತಿದ್ದದ್ದು ಯಾಕೆ ಎಂಬುದನ್ನು ಮಾತ್ರ ಇನ್ನೂ ಕೇಳಿಲ್ಲ.