ಖಾಲಿ ತಟ್ಟೆಯ ಸಾಕ್ಷಿ

ವಾರ್ಡಿನ ಹಿರಿಯ ಸಿಸ್ಟರ್ ಇಪ್ಪತ್ತೆರಡು ವರ್ಷ ಊರವರನ್ನೆಲ್ಲ ತೂಗಿದ್ದರೂ ತಾವು ಮಾತ್ರ ಆ ತೂಕದ ಯಂತ್ರದ ಮೇಲೆ ಕಾಲಿಟ್ಟವರಲ್ಲ. ‘ಎಷ್ಟು ತಿಂದಿರಿ, ಎಷ್ಟು ಕರಗಿಸಿದಿರಿ, ದೇಹದ ಲೆಕ್ಕ ಇಷ್ಟೇ’ ಎಂದು ರೋಗಿಗಳಿಗೆ ಪಾಠ ಹೇಳುವಾಗ ಯಾರಾದರೂ ಅವರ ದಪ್ಪ ಸೊಂಟದ ಕಡೆ ಕಣ್ಣು ಹಾಯಿಸಿದರೆ, "ಇದು ಉಳಿತಾಯ ಕಣ್ರೀ" ಎಂದು ತಾವೇ ಮೊದಲು ನಕ್ಕುಬಿಡುತ್ತಿದ್ದರು.

ಈ ಸೋಮವಾರ ನಗು ಬರಲಿಲ್ಲ. ಒಂಬತ್ತನೇ ಮಂಚದ ಟೈಲರ್ ಅಜ್ಜ ನಲವತ್ತಾರು ಕಿಲೋಗೆ ಇಳಿದಿದ್ದರು. ಮೂರು ವಾರದ ಹಿಂದೆ, ಬಂದಾಗ, ಐವತ್ತೊಂದು. ಕಾಲಿನ ಹುಣ್ಣು ಮಾಯುವ ಹೆಸರೇ ಎತ್ತುತ್ತಿಲ್ಲ. ಡಾಕ್ಟರು ಹೇಳಿಯೇ ಬಿಟ್ಟಿದ್ದರು: ತೂಕ ಏರದೆ ಆಪರೇಷನ್ ಇಲ್ಲ, ಇನ್ನೆರಡು ವಾರ ತಡವಾದರೆ ಕಾಲು ಉಳಿಯುವುದು ಅನುಮಾನ.

"ಸಿಸ್ಟರ್, ಸೊಂಟಕ್ಕೆ ಇನ್ನೆರಡು ಇಂಚು ಹಿಡೀಬೇಕು," ಎಂದರು ಅಜ್ಜ, ಜಾರುತ್ತಿದ್ದ ಪೈಜಾಮ ಹಿಡಿದುಕೊಂಡು.

ಊಟದ ಹಾಳೆಯಲ್ಲಿ ಮಾತ್ರ ಮೂರು ವಾರವೂ ‘ಪೂರ್ತಿ’. ರಜೆಯ ಎರಡು ದಿನ ಬಿಟ್ಟರೆ ಮಧ್ಯಾಹ್ನದ ಸಾಲುಗಳೆಲ್ಲ ಸಿಸ್ಟರ್ ಅವರದೇ ಅಕ್ಷರ. ತಿಂದದ್ದು ಹೋಗುವುದಾದರೂ ಎಲ್ಲಿಗೆ? ಆಯಾ ಬಂದು ಕಿವಿಯಲ್ಲಿ ಉಸುರಿದಳು: "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅಜ್ಜನ ಮೊಟ್ಟೆ ನೀವೇ ತಿಂತೀರಿ ಅಂತ ಪಕ್ಕದ ಮಂಚದವರು ಮಾತಾಡ್ಕೋತಿದ್ರು."

ಮಧ್ಯಾಹ್ನ ತಟ್ಟೆ ಬಂದಾಗ ಸಿಸ್ಟರ್ ಎಂದಿನಂತೆ ಔಷಧಿಯ ಗಾಡಿ ತಳ್ಳಿಕೊಂಡು ಮುಂದೆ ಹೋಗಲಿಲ್ಲ. ಕುರ್ಚಿ ಎಳೆದು ಅಲ್ಲೇ ಕೂತರು. ಅಜ್ಜ ಬ್ರೆಡ್ಡು ಮುರಿದರು, ಬಾಯಲ್ಲಿ ಅತ್ತಿಂದಿತ್ತ ಹೊರಳಿಸಿದರು, ಮುಖ ಹಿಂಡಿ ಕರವಸ್ತ್ರಕ್ಕೆ ಉಗಿದರು. ಪಕ್ಕದಲ್ಲಿದ್ದ ಅವರ ಹೆಂಡತಿ ಗೋಡೆ ನೋಡತೊಡಗಿದರು.

"ಏನಮ್ಮಾ ಇದು?"

"ನಾನೇ ತಿಂತಿದ್ದೆ ತಾಯಿ," ಅಜ್ಜಿ ಅತ್ತೇಬಿಟ್ಟರು. "ತಟ್ಟೇಲಿ ಬಿಟ್ರೆ ನೀವು ಇವರನ್ನ ಬೈತೀರಾ ಅಂತ. ನಂಗೂ ಸೇರ್ತಿರಲಿಲ್ಲ. ಕಣ್ಮುಚ್ಚಿ ನುಂಗ್ತಿದ್ದೆ."

"ಅದಕ್ಕೇ ಇವಳ ರವಿಕೆ ತೋಳು ಬಿಗಿಯಾಗಿರೋದು," ಎಂದರು ಅಜ್ಜ, ಕಣ್ಣಲ್ಲೇ ಅಳತೆ ತೆಗೆದು. ಆಮೇಲೆ ತಲೆ ತಗ್ಗಿಸಿದರು. "ಹಲ್ಲು ಸೆಟ್ಟು ಸಡಿಲ ಆಗಿದೆ ಸಿಸ್ಟರ್. ಒಸಡೆಲ್ಲ ಗಾಯ. ಊರವರ ಅಳತೆ ಸರಿಮಾಡಿದೋನು, ನಂದೇ ಸರಿಯಿಲ್ಲ ಅಂತ ಹ್ಯಾಗೆ ಹೇಳ್ಲಿ?"

ಸಿಸ್ಟರ್ ಊಟದ ಹಾಳೆ ತಿರುವಿ ನೋಡಿದರು. ಮೂರು ವಾರ ತಟ್ಟೆ ನೋಡಿ ಬರೆದಿದ್ದರು. ಅಜ್ಜನ ಬಾಯಿ ತೆರೆಸಿ ಒಮ್ಮೆಯೂ ನೋಡಿರಲಿಲ್ಲ.

ಸಿಸ್ಟರ್ ಹಲ್ಲಿನ ಡಾಕ್ಟರಿಗೆ ಚೀಟಿ ಬರೆದರು, ಅಡುಗೆಮನೆಗೆ ಫೋನು ಮಾಡಿದರು. ನಂತರ ಹಾಳೆ ಎಳೆದುಕೊಂಡು ತಮ್ಮ ‘ಪೂರ್ತಿ’ಗಳನ್ನು ಒಂದೊಂದಾಗಿ ಹೊಡೆದುಹಾಕಿ, ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆದು ಸಹಿ ಹಾಕಿದರು. ಹತ್ತೊಂಬತ್ತು ಸಹಿ. ನಾಳೆ ಡಾಕ್ಟರು ಓದಿ ಏನೆನ್ನುತ್ತಾರೋ.

ಹಾಲಿನಲ್ಲಿ ಕಿವುಚಿದ ಮೊಟ್ಟೆ ಬಂತು. ಹಲ್ಲು ತೆಗೆದಿಟ್ಟ ಅಜ್ಜ ನಾಲ್ಕು ಚಮಚ ನುಂಗಿ ಸೋತು ಒರಗಿದರು.

"ಇನ್ನೊಂದು?"

"ಆಗಲ್ಲ ಸಿಸ್ಟರ್."

ಅಜ್ಜಿಯ ಕೈ ಅಭ್ಯಾಸದಂತೆ ಬಟ್ಟಲಿನತ್ತ ಹೋಯಿತು. ಸಿಸ್ಟರ್ ಬಟ್ಟಲನ್ನು ಮೆಲ್ಲಗೆ ತಮ್ಮ ಕಡೆ ಸರಿಸಿಕೊಂಡು, ‘ನಾಲ್ಕು ಚಮಚ’ ಎಂದು ಬರೆದರು. ಮುಂದಿನ ಸೋಮವಾರದ ತೂಕಕ್ಕೆ ಏಳು ದಿನವಿತ್ತು.