ಮಡೆಪ್ಪ ಮುಚ್ಚಿದ ಹಗೇವು

ಸಂತಪುರದಿಂದ ಬಂಡಿದಾರಿ ಹಿಡಿದು ಹೊರಟರೆ ಮೊದಲು ಹಳ್ಳ, ಹಳ್ಳದ ದಂಡೆಗೆ ಸಿಂದಿ ಗಿಡಗಳು, ಅವುಗಳ ಆಚೆ ಕರಿ ಹೊಲ. ಹೊಲ ಮುಗಿದಲ್ಲಿ ನೆಲ ಮೇಲಕ್ಕೆದ್ದು ಕೆಂಪಗಾಗುತ್ತದೆ. ಆ ದಿಬ್ಬದ ಮೇಲೆ ಸಿಂದಿವಾಡಿ. ಬಾವಿ ಕೆಳಗೇ ಇದೆ, ಹೆಂಗಸರು ಕೊಡ ಹೊತ್ತು ಏರಬೇಕು. ಆದರೂ ಹಿರಿಯರು ದಿಬ್ಬ ಆರಿಸಿಕೊಂಡದ್ದು ಜೋಳದ ಸಲುವಾಗಿ. ಕರಿ ನೆಲದಲ್ಲಿ ತಗ್ಗು ತೋಡಿದರೆ ನೀರು ಜಿನುಗುತ್ತದೆ, ಕೆಂಪು ನೆಲ ಒಣಗಿರುತ್ತದೆ. ಅದಕ್ಕೇ ಮನೆಮನೆಯ ಅಂಗಳದಲ್ಲಿ ನೆಲದೊಳಗೆ ಒಂದು ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ದಂಟು, ಹೊಟ್ಟು ಹೊದಿಸಿ ಜೋಳ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ.

ಮುಚ್ಚುವ ಕೆಲಸ ಕುರುಬರ ಮಡೆಪ್ಪನದು. ಅವನಿಗೆ ಒಂದಿಷ್ಟು ಕುರಿ, ದಿಬ್ಬದ ಕೆಳಗೆ ಒಂದು ತುಂಡು ಹೊಲ. ಮಕ್ಕಳಾಗಲಿಲ್ಲ. ಹೆಂಡತಿ ಸತ್ಯಮ್ಮ ಬಾಯಿಬಡಕಿ, ಅವನದು ಮಾತು ಕಡಿಮೆ. ಆದರೆ ಸುಗ್ಗಿ ಮುಗಿಯಿತೆಂದರೆ ಇಡೀ ಊರು ಅವನನ್ನು ಕರೆಯುತ್ತಿತ್ತು. ಬಾಯಿಗೆ ಚಪ್ಪಡಿ ಇಟ್ಟು, ಸಂದಿಗೆ ಸೆಗಣಿ, ಬೂದಿ ಕಲಸಿದ ಕೆಸರು ತುಂಬಿ, ಮೇಲೆ ಮಣ್ಣು ಹಾಕಿ ತುಳಿದು, ಕೊನೆಗೆ ಅಂಗೈಯಿಂದ ಸಾರಿಸುತ್ತಿದ್ದ. ಅವನ ಅಪ್ಪ ಕಲಿಸಿದ್ದು ಒಂದೇ ಮಾತು: ಒಳಗೆ ಗಾಳಿ ಹೋಯಿತೋ ಕಾಳು ಹೋಯಿತು. ತೆರೆಯುವಾಗಲೂ ಅವನೇ ಬೇಕು. ಮುಚ್ಚಿದ ಹಗೇವಿನೊಳಗಿನ ಗಾಳಿ ವಿಷ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಉರಿದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದ.

ಒಂದೇ ಗೋಡೆಯ ಆಚೆ ಹಬೀಬನ ಮನೆ. ಹಬೀಬ ಪಿಂಜಾರ, ಬಿಲ್ಲಿನಿಂದ ಅರಳೆ ಬಡಿದು ಗಾದಿ ತುಂಬುವವ. ಮಡೆಪ್ಪನಿಗಿಂತ ಬಹಳ ಸಣ್ಣವ, ಅಣ್ಣಾ ಎಂದೇ ಕರೆಯುತ್ತಿದ್ದ. ಬೆಳಗಾದರೆ ಅವನ ಬಿಲ್ಲಿನ ಸದ್ದು ಗೋಡೆಯೊಳಗಿಂದ ಬರುತ್ತಿತ್ತು, ಸತ್ಯಮ್ಮ ಆ ಸದ್ದಿಗೇ ಒಲೆ ಹಚ್ಚುತ್ತಿದ್ದಳು.

ನಿಜಾಮರ ಆಳ್ವಿಕೆಯ ಕಡೆಯ ಬೇಸಿಗೆಯಲ್ಲಿ ಅವರ ಕಡೆಯ ರಜಾಕಾರರು ಬಂದರು. ಹಗೇವು ಹಗೇವು ಅಗೆದು ಜೋಳ ಒಯ್ದರು. ಊರಿನ ಹುಡುಗ ಮಚ್ಛೇಂದ್ರನ ಚಿಕ್ಕಪ್ಪ ಅಡ್ಡ ಬಂದದ್ದಕ್ಕೆ ಅವನ ಕೈ ಮುರಿದರು. ಹೋಗುವಾಗ ಊರಿನ ಮುಸಲ್ಮಾನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬನಿಗೆ ಖಾಕಿ ಅಂಗಿ ಕೊಟ್ಟರು. ಮುದುಕ ಕರೀಮ ಸಾಬ ವಯಸ್ಸಿನ ನೆವ ಹೇಳಿ ತಪ್ಪಿಸಿಕೊಂಡ. ಹಬೀಬ ಅಂಗಿ ತೊಟ್ಟು ಸಂತಪುರದ ಸಂತೆಗೆ ಗಾದಿ ಮಾರಲು ಹೋದ. ಅವನಿಗೆ ಬೇರೆ ಅಂಗಿಯೂ ಇರಲಿಲ್ಲ. ಸಂತೆಯಲ್ಲಿ ನೋಡಬೇಕಾದವರೆಲ್ಲ ನೋಡಿದರು.

ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು. ನಿಜಾಮರು ಶರಣಾದರೆಂದು ಸುದ್ದಿ ಬಂತು. ಸಿಂದಿವಾಡಿಗೆ ಫೌಜು ಬರಲಿಲ್ಲ. ಕೊಡಲಿ, ಬಡಿಗೆ ಹಿಡಿದವರ ಗುಂಪುಗಳು ಊರೂರು ತಿರುಗುತ್ತಿವೆ, ಖಾಕಿ ತೊಟ್ಟವರನ್ನು ಹುಡುಕುತ್ತಿವೆ ಎಂದು ಭಾಲ್ಕಿ ಕಡೆಯಿಂದ ಬಂದ ಕುರಿಯವರು ಹೇಳಿದರು. ಹಬೀಬನ ಹೆಂಡತಿ ಇಮಾಮಬೀ ಬಾಣಂತನಕ್ಕೆ ಅಷ್ಟೂರಿನ ತವರಲ್ಲಿದ್ದಳು. ಮನೆಯಲ್ಲಿ ಅವನೊಬ್ಬನೇ.

ಮಡೆಪ್ಪ ಬೆಳಿಗ್ಗೆಯೇ ರಜಾಕಾರರು ಬರಿದು ಮಾಡಿದ್ದ ತನ್ನ ಹಗೇವಿನ ಬಾಯಿ ತೆರೆದಿಟ್ಟ. ತಳದಲ್ಲಿ ತೋಯ್ದ ಹೊಟ್ಟು, ಕೊಳೆತ ಒಂದಿಷ್ಟು ಜೋಳ. ಸಂಜೆ ದೀಪ ಇಳಿಸಿದ. ಉರಿಯಿತು.

"ಇಳಿಯೋ ಹಬೀಬಾ. ಅವ್ರು ಬಂದು ಹೋದ ಮ್ಯಾಲ ತೆಗಿತೇನಿ."

"ಅಣ್ಣಾ, ವಾಸನಿ ಭಾಳ ಅದರಿ. ವೈನಿ, ಎರಡೇ ರೊಟ್ಟಿ ಕೊಟ್ಟೀರಿ, ಒಳಗ ಇಲಿ ಪಾಹುಣ್ಯಾರು ಊಟಕ್ಕ ಬಂದ್ರ ಏನ ಮಾಡ್ಲಿ?"

"ಸುಮ್ನ ಇಳಿಯೋ ಪಿಂಜಾರ್ಯಾ," ಎಂದಳು ಸತ್ಯಮ್ಮ. "ಜೀವಕ್ಕ ಬಂದದ, ನಿಂಗ ಮಸ್ಕರಿ."

ಹಬೀಬ ನೀರಿನ ಗಡಿಗೆ ಹಿಡಿದು ಇಳಿದ. ಮಡೆಪ್ಪ ಚಪ್ಪಡಿ ಎಳೆದು ಕೆಸರು ಕಲಸಲು ಕುಳಿತ. ಸಂದಿಯೊಳಗಿಂದ ಹಬೀಬನ ದನಿ ಬಂತು: "ಅಣ್ಣಾ, ಬೂದಿ ಛಲೋ ಹಾಕ್ರಿ. ನನಗ ಹುಳಾ ಹತ್ತಬಾರ್ದು ನೋಡ್ರಿ!"

ಮಡೆಪ್ಪನಿಗೆ ನಗು ಬಂತು. ನಗುತ್ತಲೇ ಕೈ ಓಡಿತು. ಸಂದಿ ತುಂಬಿತು, ಮಣ್ಣು ಬಿತ್ತು, ತುಳಿದ, ಸಾರಿಸಿದ. ಹೊಸದೆಂದು ಗೊತ್ತಾಗದಂತೆ ಮೇವು ಚೆಲ್ಲಿ ಎಮ್ಮೆಯ ಕರು ಕಟ್ಟಿದ.

ಮರುದಿನ ಮುಂಜಾನೆ ಗುಂಪು ಬಂತು. ಮನೆ ತೋರಿಸುತ್ತ ಮುಂದೆ ನಡೆದವನು ಊರಿನವನೇ, ಮಚ್ಛೇಂದ್ರ. ಹಬೀಬನ ಬಾಗಿಲು ಮುರಿದರು, ಅರಳೆಯನ್ನು ಕೆಸರಿಗೆ ಚೆಲ್ಲಿದರು. ಮನುಷ್ಯ ಸಿಗಲಿಲ್ಲ. ಇನ್ನೇನು ಹೊರಡಬೇಕು, ಮಳೆ ಹಿಡಿಯಿತು. ಹಳ್ಳ ತುಂಬಿತು, ದಾಟುವಂತಿರಲಿಲ್ಲ. ಎಲ್ಲರೂ ಬಂದು ಮಡೆಪ್ಪನ ಕೊಟ್ಟಿಗೆಯಲ್ಲಿ ಕುಳಿತು ಸತ್ಯಮ್ಮನಿಗೆ ರೊಟ್ಟಿ ಬಡಿಯಲು ಹೇಳಿದರು.

ಅವರಲ್ಲೊಬ್ಬ ಅಂಗಳಕ್ಕಿಳಿದು ಕರುವಿನ ಹತ್ತಿರ ಹಿಮ್ಮಡಿ ಊರಿ ನೋಡಿದ. "ಎಲ್ಲಾ ಕಡಿ ಕೆಸರು. ಇಲ್ಲೊಂದು ಹನಿ ಇಳ್ದಿಲ್ಲ ನೋಡ್ರೋ."

"ಅದು ನಮ್ಮ ಮಡೆಪ್ಪ ಕಾಕಾನ ಕೈ," ಎಂದ ಮಚ್ಛೇಂದ್ರ ಹೆಮ್ಮೆಯಿಂದ. "ಹಗೇವು ಖಾಲಿ ಇದ್ರೂ ಇರುವಿ ಸೈತ ಹೋಗಲಾರ್ದಂಗ ಮುಚ್ತಾನ."

ಮಡೆಪ್ಪನ ಕೈಯಲ್ಲಿದ್ದ ನೀರಿನ ತಂಬಿಗೆ ಅಲ್ಲೇ ನಿಂತಿತು. ಒಳಗೆ ಹೋಗಿ ಒಲೆಯ ಮುಂದೆ ಕುಕ್ಕರಿಸಿದ.

"ಕಿಂಡಿ ಬಿಟ್ಟಿಲ್ಲ."

"ಏನ?"

"ಗಾಳಿಗಿ ಕಿಂಡಿ. ಜ್ವಾಳಕ್ಕ ಮುಚ್ಚಿದಂಗ ಮುಚ್ಚೇನಿ."

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಸತ್ಯಮ್ಮ ಅದನ್ನು ತಿರುವಲಿಲ್ಲ. "ಕರುವಿನ ಗೂಟಾ ಸಡ್ಲ ಆಗ್ಯದ ಅನ್ರಿ. ಸಂದ್ಯಾಗ ಬಡೀರಿ, ತೂತು ಬೀಳ್ತದ," ಎಂದಳು.

ಅವನು ಕಬ್ಬಿಣದ ಗೂಟ ಹಿಡಿದು ಮಳೆಯಲ್ಲಿ ಕುಳಿತು ಅಂದಾಜಿನಿಂದ ಚಪ್ಪಡಿಯ ಅಂಚಿಗೆ ಬಡಿದ. ಗೂಟ ಕಲ್ಲಿಗೆ ತಾಗಿ ಟೊಳ್ಳು ಸದ್ದಾಯಿತು.  ಇನ್ನೊಮ್ಮೆ ಎತ್ತುವಷ್ಟರಲ್ಲಿ ಗುಂಪಿನವನೊಬ್ಬ ಓಡಿಬಂದು ಕರುವಿನ ಹಗ್ಗ ಬಿಚ್ಚಿದ. "ಮುತ್ಯಾ, ಮಳ್ಯಾಗ ಗೂಟಾ ಬಡೀತಿ? ಕೂಸು ನೆನೀತದ, ಒಳಗ ಕಟ್ಟಬಾರ್ದೇನು?" ಎಂದು ಕರುವನ್ನು ಎತ್ತಿಕೊಂಡೇ ಕೊಟ್ಟಿಗೆಗೆ ಒಯ್ದ. ಮಡೆಪ್ಪನ ಕೈಯಿಂದ ಗೂಟವನ್ನೂ ಇಸಿದುಕೊಂಡ.

ಆಮೇಲೆ ಹಳ್ಳ ಇಳಿದಿದೆ ಎಂದು ಮಡೆಪ್ಪ ಹೇಳಿ ನೋಡಿದ. ಮಚ್ಛೇಂದ್ರ ಹೋಗಿ ನೋಡಿ ತಿರುಗಿ ಬಂದ. "ಎದಿ ಮಟಾ ಅದ, ಕಾಕಾ. ನಮ್ಮನ್ನ ಸಾಯಿಸ್ತೀಯೇನು?" ಎಲ್ಲರೂ ನಕ್ಕರು. ಮಡೆಪ್ಪ ಕಂಬಕ್ಕೆ ಒರಗಿ ಕುಳಿತು ನೆಲದ ಕಡೆಯೇ ಕಿವಿ ಇಟ್ಟ. ಒಂದು ಕೂಗು, ಒಂದು ಬಡಿತ ಬಂದರೆ ತೆರೆಯುವುದೇ ಸೈ, ಇಬ್ಬರೂ ಹೋದರೆ ಹೋಗಲಿ ಎಂದುಕೊಂಡ. ಏನೂ ಬರಲಿಲ್ಲ. ಮಳೆಯ ಸದ್ದು, ರೊಟ್ಟಿ ಬಡಿಯುವ ಸದ್ದು, ಅಷ್ಟೇ.

ಹೊತ್ತು ಮುಳುಗುವ ಮುಂದೆ ಅವರು ಹೋದರು. ಮಡೆಪ್ಪ ಉಗುರಿನಿಂದಲೇ ಮಣ್ಣು ಕೆದರಿದ. ದೀಪ ಇಳಿಸಿದ. ಆರಿಹೋಯಿತು. ಇನ್ನೊಮ್ಮೆ ಹಚ್ಚಿ ಇಳಿಸಿದ. ಆರಿಹೋಯಿತು. ಉರಿಯುವ ತನಕ ಕಾದು, ಇಳಿದು ಹೆಣ ಎತ್ತಿದ.

ಹಬೀಬ ನೀರಿನ ಗಡಿಗೆ ಬೋರಲು ಹಾಕಿ ಅದರ ಮೇಲೆ ನಿಂತಿರಬೇಕು. ಗಡಿಗೆ ಒಡೆದಿತ್ತು. ಚಪ್ಪಡಿಯ ಸಂದಿಯ ಕೆಸರಲ್ಲಿ ಒಳಗಿನಿಂದ ಬೆರಳಿನ ಗೆರೆಗಳಿದ್ದವು. ಕರೀಮ ಸಾಬ ಬಂದು ನೋಡಿ, ಆ ಗೆರೆಗಳ ಮೇಲೆ ಕೈಯಾಡಿಸಿದ. "ಕಿಂಡಿ ಬಿಟ್ಟಿದ್ದಿಲ್ಲೇನು?" ಎಂದಷ್ಟೇ ಕೇಳಿದ.  ಇಬ್ಬರೂ ಸೇರಿ ಕೆಸರಲ್ಲೇ ಮಣ್ಣು ಮಾಡಿ ಬಂದರು.

ಹಗೇವಿನ ಸುದ್ದಿ ಕೇಳಿ ಮರುದಿನ ಬಾವಿಯ ಹತ್ತಿರ ಜನ ಕೂಡಿದ್ದರು. ಮಚ್ಛೇಂದ್ರ ಮಡೆಪ್ಪನ ಬೆನ್ನಿಗೆ ಬಡಿದ. "ನಾವು ಊರೆಲ್ಲಾ ಹುಡುಕಿ ಸತ್ತೆವು. ನೀ ಕುಂತಲ್ಲೇ ಕೆಲಸಾ ಮುಗಿಸಿದಿ. ಶಾಬಾಸ್ ಕಾಕಾ!" ಜನರೆಲ್ಲ ಮಡೆಪ್ಪನ ಮುಖ ನೋಡಿದರು. ಅವನು ತಲೆ ತಗ್ಗಿಸಿ ಕುರಿ ಹೊಡೆದುಕೊಂಡು ಹೋದ.

ದಸರೆ ಕಳೆದ ಮೇಲೆ ನಡೆಯುತ್ತ ಬೀದರಿಗೆ ಹೋಗಿ, ಅಲ್ಲಿಂದ ಅಷ್ಟೂರು ಮುಟ್ಟಿದ. ಇಮಾಮಬೀ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲೇ ಕುಳಿತಿದ್ದಳು. ಅವನು ಎಲ್ಲವನ್ನೂ ಹೇಳಿದ. ಕೆಸರು, ಬೂದಿ, ನಗು, ಗೂಟ, ಒಂದೂ ಬಿಡಲಿಲ್ಲ. 

"ಮಚ್ಛೇಂದ್ರ ಶಾಬಾಸ್ ಅಂದನಂತಲ್ರೀ, ಭಾವಾ?"

"ಅಂದ."

"ನೀವೇನಂದ್ರಿ?"

"ಏನೂ ಅನ್ಲಿಲ್ಲವಾ."

"ಯಾಕ?"

"ಅಂಜಿಕಿ ಆತು."

ಇಮಾಮಬೀ ಕೂಸಿನ ಕುಂಚಿಗೆ ಸರಿಪಡಿಸಿದಳು. "ನಮ್ಮ ಮನಿಯವರಿಗೂ ಅಂಜಿಕಿ ಆಗಿರ್ಬೇಕು ಒಳಗ. ಕೂಗಿದ್ರ ನಿಮ್ಮನ್ನೂ ಕಡೀತಿದ್ರು. ಕೂಗ್ಲಿಲ್ಲ. ಹೋಗ್ರಿ ಭಾವಾ, ಹೊತ್ತಾಗ್ತದ," ಎಂದು ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಕರೆಯಲೂ ಇಲ್ಲ.

ಊರಿಗೆ ಬಂದವನೇ ಮಡೆಪ್ಪ ಬಾವಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಹಬೀಬನ್ನ ಉಳಿಸ್ಬೇಕಂತ ಇಳಿಸಿದ್ದೆ. ಕಿಂಡಿ ಬಿಡೋದು ಮರ್ತು ಮುಚ್ಚಿಬಿಟ್ಟೆ."

ಮಚ್ಛೇಂದ್ರ ನಕ್ಕ. "ಈಗ ಪೊಲೀಸರು ವಿಚಾರಣಿ ಮಾಡ್ತಾರಂತ ಹಿಂಗ ಅಂತಿ ಹೌದಿಲ್ಲೋ? ಅಂಜಬ್ಯಾಡ ಕಾಕಾ, ಬೆನ್ನಿಗಿ ನಾವ್ ಅದೇವಿ." ಉಳಿದವರೂ ತಲೆಯಾಡಿಸಿದರು. ಕರೀಮ ಸಾಬ ಕೊಡ ಎತ್ತಿಕೊಂಡು ದಿಬ್ಬ ಏರಿ ಹೋದ.

ಮಡೆಪ್ಪ ಹೇಳುವುದನ್ನು ಬಿಡಲಿಲ್ಲ. ಕುರಿ ಕೊಳ್ಳಲು ಬಂದವರಿಗೆ, ದಾರಿಹೋಕರಿಗೆ, ಮದುವೆ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರಿಗೆ ಹೇಳಿದ. ಕೇಳಿದವರು ಅವನ ಕೈ ನೋಡುತ್ತಿದ್ದರು, ಆಮೇಲೆ, ಅಂಥ ಕೈ ಮರೆತೀತೇ ಎಂಬಂತೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸುಗ್ಗಿಗೆ ಅವನನ್ನು ಯಾರೂ ಕರೆಯಲಿಲ್ಲ. ಅವನೂ ಹೋಗುತ್ತಿರಲಿಲ್ಲ. ಕಡೆಕಡೆಗೆ ಸತ್ಯಮ್ಮ ಕೂಡ, "ಸಾಕ್ ಬಿಡ್ರಿ, ಯಾರಿಗಂತ ಹೇಳ್ತೀರಿ," ಎನ್ನತೊಡಗಿದಳು. ಅವಳೂ ಅವನ ಕಡೆ ನೋಡದೆ ಅನ್ನುತ್ತಿದ್ದಳು.