ಉಗ್ರಾಣದಲ್ಲಿ ಮಲಗಿದ್ದ ಗಡ್ಡೆ

ಮನೋಳಿಯ ಆ ಮನೆಯಲ್ಲಿ ಪ್ರಿಯಂವದಾ ತನ್ನದೆಂದು ಏನನ್ನಾದರೂ ಬಚ್ಚಿಡಬಹುದಾದ ಜಾಗ ಒಂದೇ ಇತ್ತು. ಅಡಿಗೆಮನೆಯೊಳಗಿನ ಉಗ್ರಾಣ. ಅದಕ್ಕೆ ಬೀಗವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಪ್ಪತ್ಮೂರು ವರ್ಷದಲ್ಲಿ ಗಂಡ ತ್ರ್ಯಂಬಕ ಅದರ ಹೊಸ್ತಿಲು ದಾಟಿದ್ದನ್ನು ಅವಳು ನೋಡಿರಲಿಲ್ಲ. ಅತ್ತೆ ಇಂದಿರಾಬಾಯಿಗೆ ಮೊಣಕಾಲು ಹಿಡಿದ ಮೇಲೆ ಅಲ್ಲಿ ಬಗ್ಗಿ ಹುಡುಕುವುದು ಆಗುತ್ತಿರಲಿಲ್ಲ. ಜೋಳದ ಡಬ್ಬಿಯ ಹಿಂದೆ ಬಿದಿರಿನ ಬುಟ್ಟಿಯೊಂದಿತ್ತು. ಅದರಲ್ಲಿ ಒಣ ಮರಳು ಹಾಸಿ ಪ್ರಿಯಂವದಾ ಚಳಿಗಾಲದುದ್ದಕ್ಕೂ ತನ್ನ ಗಡ್ಡೆಗಳನ್ನು ಮಲಗಿಸುತ್ತಿದ್ದಳು.

ಮೊದಲ ಗಡ್ಡೆ ಕೊಟ್ಟವಳು ಮೀನಾ. ಬೈಲಹೊಂಗಲದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮದುವೆಯಾಗಿ ರಾಮದುರ್ಗಕ್ಕೆ ಹೋದ ಮೀನಾ ಎಲ್ಲೆಲ್ಲಿಂದಲೋ ವಿಚಿತ್ರ ಗಿಡಗಳನ್ನು ತರಿಸಿ ಬೆಳೆಸುತ್ತಿದ್ದಳು. "ಇದಕ್ಕ ವೂಡೂ ಲಿಲ್ಲಿ ಅಂತಾರ. ಸುವರ್ಣಗಡ್ಡಿ ಬಳಗನ, ಆದ್ರ ತಿನ್ನೂದಲ್ಲ, ನೋಡೂದು" ಎಂದು ಒಂದು ಲಿಂಬೆಹಣ್ಣಿನಷ್ಟು ಗಡ್ಡೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು.

ಮಾಳಿಗೆಯ ಮೇಲೆ, ಒಡೆದ ಬಣ್ಣದ ಬಕೆಟ್ಟಿನಲ್ಲಿ, ಅದು ಎದ್ದು ಬಂತು. ಹಾವಿನ ಮೈಯಂತೆ ಚುಕ್ಕೆ ಚುಕ್ಕೆಯ ದಂಟು, ಮೇಲೆ ಕೊಡೆಯಂಥ ಒಂದೇ ಎಲೆ. ದೀಪಾವಳಿ ಕಳೆದರೆ ಎಲೆ ಹಳದಿಯಾಗಿ ಕವುಚಿ ಬೀಳುವುದು, ಆಗ ಗಡ್ಡೆಯನ್ನು ಅಗೆದು ಒಣಗಿಸಿ ಇಡಬೇಕು. ವರ್ಷದಿಂದ ವರ್ಷಕ್ಕೆ ಗಡ್ಡೆ ದೊಡ್ಡದಾಗಿ ತೆಂಗಿನಕಾಯಿಯಷ್ಟಾಯಿತು. ಐದನೆಯ ವರ್ಷ, ಮಣ್ಣೂ ನೀರೂ ಇಲ್ಲದೆ, ಬುಟ್ಟಿಯಲ್ಲಿ ಮಲಗಿದ್ದಲ್ಲಿಯೇ ಹೂ ಬಿಟ್ಟಿತು. ಹಸಿಮಾಂಸದ ಬಣ್ಣದ ಹೂ. ಮನೆಯೆಲ್ಲ ಇಲಿ ಸತ್ತ ನಾತ. ಎರಡು ದಿನ ಇಂದಿರಾಬಾಯಿ ಕೋಣೆ ಕೋಣೆ ತಿರುಗಿ "ಎಲ್ಲೋ ಸತ್ತು ಬಿದ್ದದ ನೋಡ, ತೊಳದೇ ಇಲ್ಲ ನೀ" ಎಂದರು, ಪ್ರಿಯಂವದಾ ಎಲ್ಲ ಡಬ್ಬಿ ಎಳೆದು, ನೆಲ ಸಾರಿಸಿ, ಮೂಲೆ ಮೂಲೆ ತಿಕ್ಕಿದಳು. ನಾತ ಎಲ್ಲಿಂದ ಬರುತ್ತಿದೆ ಎಂಬುದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೂ ತಿಕ್ಕಿದಳು. ಸಂಜೆ ಒಬ್ಬಳೇ ಉಗ್ರಾಣದಲ್ಲಿ ಮೂಗಿಗೆ ಸೆರಗು ಹಿಡಿದು ಕೂತು ಆ ಹೂವನ್ನು ನೋಡಿದಳು. ಯಾರೂ ತಿನ್ನದ, ಯಾರೂ ಮುಡಿಯದ, ದೇವರಿಗೂ ಏರದ ವಸ್ತು ಎಂದು ಅವಳು ಆ ಮನೆಯಲ್ಲಿ ಮಾಡಿದ್ದು ಅದೊಂದೇ.

ಈ ವರ್ಷ ಮಾಘದಲ್ಲಿ ಮಾವನ ಶ್ರಾದ್ಧ ಬಂತು.

ಶ್ರಾದ್ಧದ ಅಡಿಗೆ ಎಂದರೆ ಮಡಿಯ ಅಡಿಗೆ. ಒದ್ದೆ ಬಟ್ಟೆಯಲ್ಲಿದ್ದು ಹಿಂದಿನ ದಿನವೇ ಎತ್ತರದ ಗಳಕ್ಕೆ ಹಾಕಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟವರೇ ಒಲೆಯ ಮುಂದೆ ನಿಲ್ಲಬೇಕು. ಆಲೂಗಡ್ಡೆ, ಕೋಸು ನಡೆಯುವುದಿಲ್ಲ, ಸುವರ್ಣಗಡ್ಡೆ ಬೇಕೇ ಬೇಕು. ಬ್ರಾಹ್ಮಣರು ಉಣ್ಣುವ ತನಕ ಉಪ್ಪು ನೋಡಲೆಂದೂ ಒಂದು ತುತ್ತು ಯಾರೂ ಬಾಯಿಗೆ ಹಾಕುವಂತಿಲ್ಲ. ಪ್ರತಿ ವರ್ಷ ಮಡಿ ಉಡುತ್ತಿದ್ದವಳು ಪ್ರಿಯಂವದಾ. ಈ ಸಲ ಎರಡು ದಿನ ಮೊದಲು ತಾಮ್ರದ ಹಂಡೆ ತಿಕ್ಕುವಾಗ ಅದರ ಹರಿದ ಅಂಚು ಅಂಗೈ ಸೀಳಿ ನಾಲ್ಕು ಹೊಲಿಗೆ ಬಿದ್ದಿದ್ದವು. ಪಟ್ಟಿ ಕಟ್ಟಿದ ಕೈ ಮಡಿಗೆ ಬರುವುದಿಲ್ಲ. ಎಪ್ಪತ್ತೆರಡರ ಇಂದಿರಾಬಾಯಿಯೇ ಒಲೆಯ ಮುಂದೆ ನಿಂತರು. ಪ್ರಿಯಂವದಾಗೆ ಅಡಿಗೆಮನೆಯ ಹೊಸ್ತಿಲಿನಿಂದ ಹೊರಗಿನದೆಲ್ಲ ಬಿತ್ತು. ಅಂಗಳ, ನೀರು, ಬಾಳೆಲೆ, ಪಾತ್ರೆ. ಅದೆಲ್ಲವನ್ನೂ ಒಂದೇ ಕೈಯಲ್ಲಿ.

ಹಿತ್ತಲಲ್ಲಿ ಕೂತು ಎಲೆ ಒರೆಸುವಾಗ ತಲೆಯ ಮೇಲಿನ ಅಡಿಗೆಮನೆಯ ಕಿಟಕಿಯಿಂದ ಅತ್ತೆಯ ಗೊಣಗಾಟ ಕೇಳಿತು. "ಏನ್ ಗಡ್ಡಿನೋ ಏನೋ, ಕೈ ಉರೀಲಿಕ್ಕೆ ಹತ್ಯಾವ. ಹೋದ ವರ್ಷದ್ದು ಹಿಂಗ ಇರಲಿಲ್ಲ."

ಒಲೆಯ ಮೇಲೆ ಪಲ್ಯ ಕುದಿಯುವ ಹೊತ್ತಿಗೆ ಕಿಟಕಿಯಿಂದ ಸಿಪ್ಪೆ ಬಂದು ಬಿತ್ತು. ಸುವರ್ಣಗಡ್ಡೆಯ ಸಿಪ್ಪೆ ದಪ್ಪ, ಮರದ ತೊಗಟೆಯಂತೆ ಒರಟು. ಇದು ತೆಳ್ಳಗಿತ್ತು. ಅದರ ನಡುವೆ ಕೊಯ್ದು ಎಸೆದ ಒಂದು ಮೊಳಕೆ, ಬೆರಳುದ್ದ, ಗುಲಾಬಿ ಬಣ್ಣ.

ಪ್ರಿಯಂವದಾಳ ಕೈಯಿಂದ ಎಲೆ ಜಾರಿತು. ಆ ಮೊಳಕೆಯನ್ನು ಅವಳು ಮೊನ್ನೆಯಷ್ಟೇ ತನ್ನ ಬುಟ್ಟಿಯಲ್ಲಿ ಬೆರಳಿಂದ ಅಳೆದಿದ್ದಳು.

ಸೆರಗಿನಲ್ಲಿ ಫೋನು ಮುಚ್ಚಿ ಮೀನಾಗೆ ಹಚ್ಚಿದಳು.

"ಯಾವುದು? ಆ ದೊಡ್ಡ ಗಡ್ಡಿನ?" ಮೀನಾಳ ದನಿ ಏರಿತು. "ಏ ಪ್ರಿಯಾ, ಯಾರಿಗೂ ತಿನ್ನಲಿಕ್ಕೆ ಕೊಡಬ್ಯಾಡ. ನಮ್ಮ ಕೆಲಸದಾಕಿ ಯಲ್ಲವ್ವ ಹೆಚ್ಚಿದ ಕೈಲೆ ತುಟಿ ಒರಸಿಕೊಂಡಿದ್ದಕ್ಕ ಮುಖ ಎಲ್ಲಾ ಊದಿ ದವಾಖಾನಿಗೆ ಓಡಿದ್ವಿ."

"ಹುಣಸಿಹಣ್ಣು ಹಾಕಿ ಕುದಿಸ್ತಾರ."

"ಗಂಟಲಾ ಹಿಡದ್ರ ಹುಣಸಿಹಣ್ಣು ಏನ್ ಮಾಡೀತು? ಉಬ್ಬಸ ಇದ್ದವರು ಯಾರರ ಇದ್ದಾರೇನು ಅಲ್ಲೆ?"

ಇದ್ದರು. ಶ್ರಾದ್ಧಕ್ಕೆ ಕರೆದಿದ್ದ ಕಟಕೋಳದ ಭಟ್ಟರು. ಹೊರಗಿನ ಪಡಸಾಲೆಯಲ್ಲಿ ಅವರು ಉಸಿರೆಳೆಯುವ ಸೀಟಿಯಂಥ ಸದ್ದು ಹಿತ್ತಲಿನ ತನಕ ಕೇಳುತ್ತಿತ್ತು. ಪ್ರಿಯಂವದಾ ಫೋನು ಇಟ್ಟು ಎದ್ದು ನಿಂತಳು.

ತ್ರ್ಯಂಬಕ ಕಾಲು ತೊಳೆಯಲು ಬಾವಿಕಟ್ಟೆಗೆ ಬಂದ. ಅವನೂ ಮಡಿಯಲ್ಲಿದ್ದ. ಅವಳು ನಾಲ್ಕು ಮಾರು ದೂರ ನಿಂತೇ ಕೇಳಿದಳು. "ಏನ್ರೀ, ಗಡ್ಡಿ ಎಲ್ಲಿಂದ ತಂದ್ರಿ?"

ಅವನು ಚೊಂಬು ಕೆಳಗಿಟ್ಟ. ಸವದತ್ತಿಯಲ್ಲಿ ಅವನದು ಝೆರಾಕ್ಸ್ ಅಂಗಡಿ. ಬರುವಾಗ ಸುವರ್ಣಗಡ್ಡೆ ತರಲು ತಾಯಿ ಮೂರು ದಿನದಿಂದ ಹೇಳಿದ್ದರು. "ಮರ್ತೆ. ಬೆಳಿಗ್ಗೆ ನೋಡಿದ್ರ ಉಗ್ರಾಣದಾಗ ನೀನ ತಂದು ಇಟ್ಟಿದ್ಯಲ್ಲ. ಛಲೋ ಆತು ಅಂತ ತಗೊಂಡೆ."

"ಅದು ತಿನ್ನೂದಲ್ರೀ! ವಿಷ ಅದ ಅದು. ಅತ್ಯಾಗ ಹೇಳ್ರಿ, ಈಗ ಹೇಳ್ರಿ."

"ಉಗ್ರಾಣದಾಗ ವಿಷ ಇಡ್ತಾರೇನು ಯಾರರ?" ಎಂದವನು ದನಿ ತಗ್ಗಿಸಿದ. "ಗಡ್ಡಿ ಅಂದ್ರ ಗಡ್ಡಿ. ಬ್ರಾಹ್ಮಣರು ಬಂದು ಕೂತಾರ. ಪಲ್ಯಾ, ಹುಳಿ ಎರಡರಾಗೂ ಬಿದ್ದದ. ಈಗ ತಗೀ ಅಂದ್ರ ಅವ್ವನ ಮುಂದ ನನ್ನ ಮರ್ಯಾದಿ ಏನು? ಒಂದು ದಿನ ಒಲಿ ಮುಂದ ನಿಂದ್ರಲಿಲ್ಲ ಅಂದ್ರ ಇಷ್ಟು ಸಂಕಟ ಆಗಬಾರದು ನಿನಗ."

ಅವನು ಒಳಗೆ ಹೋದ. ಅವಳು ಕಿಟಕಿಯ ಕೆಳಗೆ ಹೋಗಿ ನಿಂತು ಕೂಗಿದಳು. "ಅತ್ಯಾ, ಗಡ್ಡಿ ಹಾಕಿದ್ದು ಬಡಸಬ್ಯಾಡ್ರಿ. ಅದು ಸುವರ್ಣಗಡ್ಡಿ ಅಲ್ಲ. ನಾ ಮಾಳಿಗಿ ಮ್ಯಾಲೆ ಹಚ್ಚಿದ ಹೂವಿನ ಗಡ್ಡಿ. ತಿಂದ್ರ ಗಂಟಲ ಮುಚ್ಚತದ್ರಿ."

ಇಂದಿರಾಬಾಯಿ ಕೆಂಪಾದ ಕೈ ಒರೆಸಿಕೊಳ್ಳುತ್ತ ಕಿಟಕಿಗೆ ಬಂದರು. ಒಂದು ಕ್ಷಣ ಅವರ ಮುಖದಲ್ಲಿ ಅನುಮಾನ ಸುಳಿದದ್ದನ್ನು ಪ್ರಿಯಂವದಾ ಕಂಡಳು. ಅವರು ತಿರುಗಿ ಕೇಳಿದರು. "ತ್ರ್ಯಂಬಕಾ, ಗಡ್ಡಿ ಎಲ್ಲಿದೋ?"

"ಸವದತ್ತಿ ಸಂತೀದವ್ವಾ" ಎಂಬ ಉತ್ತರ ಪಡಸಾಲೆಯಿಂದ ಬಂತು.

"ಕೇಳಿದೇನು? ನನ್ನ ಮಗ ಸುಳ್ಳ ಹೇಳ್ತಾನ? ಅರವತ್ತು ವರ್ಷ ಗಡ್ಡಿ ಹೆಚ್ಚೀನಿ ನಾ. ಶ್ರಾದ್ಧದ ದಿನಾ ಅಪಶಕುನ ನುಡೀಬ್ಯಾಡ, ಹೋಗು, ಎಲಿ ಒರಸು."

ಒಳಗೆ ಎಲೆ ಹಾಕುವ ಸಪ್ಪಳ ಆರಂಭವಾಯಿತು. ಒಂದು, ಎರಡು. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಸದ್ದು. ಹೊಸ್ತಿಲು ದಾಟಿದರೆ ಮಡಿ ಕೆಡುತ್ತದೆ, ಮಾಡಿದ ಅಡಿಗೆಯೆಲ್ಲ ಚೆಲ್ಲಬೇಕಾಗುತ್ತದೆ. ಸುಮ್ಮನೆ ದಾಟಿದರೆ ಮತ್ಸರದಿಂದ ಮುಟ್ಟಿ ಕೆಡಿಸಿದಳು ಎನ್ನುತ್ತಾರೆ. ಆ ಮಾತು ಸಾಯುವ ತನಕ ಅವಳ ಬೆನ್ನು ಹತ್ತಿ ಬರುತ್ತದೆ. ದಾಟದಿದ್ದರೆ ಭಟ್ಟರ ಆ ಸೀಟಿಯಂಥ ಉಸಿರು. ಆಮೇಲೆ ಉಣ್ಣುವವರು ತ್ರ್ಯಂಬಕ, ಅತ್ತೆ. ಯಾರೂ ರುಚಿ ನೋಡಿರುವುದಿಲ್ಲ. ಮೊದಲ ತುತ್ತಿಗೇ ಗೊತ್ತಾಗುತ್ತದೆ, ಆಗ ತುತ್ತು ಒಳಗೆ ಇಳಿದಿರುತ್ತದೆ.

ಅವಳು ಹಿತ್ತಲ ಬಾಗಿಲು ನೂಕಿ ಒಳಗೆ ಹೋದಳು.

"ಏ! ಏ! ಮಡಿ!" ಇಂದಿರಾಬಾಯಿ ಸೌಟು ಎತ್ತಿ ಹಿಂದೆ ಸರಿದರು. ತ್ರ್ಯಂಬಕ ಬಾಗಿಲಿಗೆ ಓಡಿ ಬಂದ. ಪ್ರಿಯಂವದಾ ಯಾರ ಮುಖವನ್ನೂ ನೋಡದೆ, ಪಟ್ಟಿಯಿಲ್ಲದ ಕೈಯನ್ನು ಪಲ್ಯದ ಪಾತ್ರೆಗೆ ಹಾಕಿ, ಒಂದು ಹೋಳು ತೆಗೆದು ಬಾಯಿಗಿಟ್ಟಳು. ಅಗಿದಳು.

ಮೊದಲು ಹುಣಸೆಯ ಹುಳಿ ಮಾತ್ರ ಹತ್ತಿತು. ಒಂದು ಕ್ಷಣ, ತನ್ನದೇ ತಪ್ಪೇನೋ, ಇದು ಬರೀ ಗಡ್ಡೆಯೇನೋ ಎಂಬ ಇನ್ನೊಂದು ಭಯ ಅವಳನ್ನು ಹಿಡಿಯಿತು. ಅಷ್ಟರಲ್ಲಿ ನಾಲಿಗೆಯ ಬುಡದಲ್ಲಿ ಸಾವಿರ ಸೂಜಿ ಒಮ್ಮೆಲೇ ನೆಟ್ಟಂತಾಯಿತು. ತುಟಿ ದಪ್ಪವಾಯಿತು. ಉಗುಳಲು ಬಾಯಿ ತೆರೆದಳು, ನಾಲಿಗೆ ಏಳಲಿಲ್ಲ. ಜೊಲ್ಲು ಗದ್ದದಿಂದ ಇಳಿಯಿತು. ಉಸಿರು ಒಳಗೆ ಹೋಗುವ ದಾರಿ ಕಿರಿದಾಗುತ್ತಿರುವುದು ಅವಳಿಗೆ ಒಳಗಿನಿಂದಲೇ ಕೇಳಿಸುತ್ತಿತ್ತು.

ಇಂದಿರಾಬಾಯಿ ಸೊಸೆಯ ಮುಖ ನೋಡಿದರು. ಆಮೇಲೆ ಮಗನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ.

ಸೌಟು ಬಿತ್ತು. ಮುದುಕಿ ಬಂದು, ಮಡಿಯ ಸೆರಗಿನಿಂದಲೇ ಪ್ರಿಯಂವದಾಳ ಬಾಯಿ ಒರೆಸಿ, ಭುಜ ಹಿಡಿದು, ಹಿತ್ತಲ ಕಟ್ಟೆಗೆ ಎಳೆದು ಕೂಡಿಸಿದರು. ಎಳೆದೊಯ್ಯುತ್ತಲೇ ಒಳಗಿನವರಿಗೆ ಕೂಗಿದರು.

"ಭಟ್ಟರ, ಎಲಿ ಮುಂದಿಂದ ಏಳ್ರಿ. ಒಂದು ತಾಸು ತಡ ಆಗತದ. ಡಾಕ್ಟರಿಗೆ ಫೋನ್ ಹಚ್ಚಿ ಕೊಡ್ರಿ ಯಾರರ. ತ್ರ್ಯಂಬಕಾ, ಅಡಿಗಿ ಎಲ್ಲಾ ಹೊರಗ ಚೆಲ್ಲು. ಪಾತ್ರಿ ತೊಳಿ. ಅನ್ನಕ್ಕಿಡು."

"ನಾನ?" ಎಂದ ಅವನು.

"ನಾ ಈಕಿನ್ನ ಮುಟ್ಟೀನಿ. ಒಣಗಿದ್ದ ಮಡಿ ಸೀರಿ ಮತ್ತೊಂದಿಲ್ಲ. ಮಡಿಲೆ ಉಳದಾಂವ ನೀನೊಬ್ಬನ."

ಮಜ್ಜಿಗೆಯ ಚೊಂಬು ಪ್ರಿಯಂವದಾಳ ತುಟಿಗೆ ತಾಗಿತು. ಮೊದಲ ಗುಟುಕು ಮೂಗಿನಿಂದ ಹೊರಗೆ ಬಂತು. ಅವಳು ಅತ್ತೆಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಕೈಯೂ ಉರಿಯಿಂದ ಬಿಸಿಯಾಗಿತ್ತು.

"ನುಂಗು ಪ್ರಿಯಾ. ಮೂಗಿಲೆ ಉಸಿರಾಡು. ಹಾಂ, ಹಂಗ. ಮತ್ತೊಂದು ಗುಟಕ."

ಎರಡನೆಯದು ಗಂಟಲಲ್ಲಿ ನಿಂತಿತು. ನಿಂತೇ ಇತ್ತು. ಆಮೇಲೆ ನಿಧಾನವಾಗಿ, ಸುಡುತ್ತ, ಇಳಿಯಿತು. ಇಂದಿರಾಬಾಯಿ ಅವಳ ಗಂಟಲಿನ ಮೇಲೆ ನೆಟ್ಟ ಕಣ್ಣು ತೆಗೆಯದೆ ಚೊಂಬನ್ನು ಮತ್ತೆ ಬಾಗಿಸಿದರು.

"ಅವ್ವಾ, ತೊಗರಿಬ್ಯಾಳಿ ಯಾವ ಡಬ್ಬ್ಯಾಗ ಅದ?" ತ್ರ್ಯಂಬಕ ಒಳಗಿನಿಂದ ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ಉಗ್ರಾಣದಲ್ಲಿ ಏನೋ ಉರುಳಿ ಬಿದ್ದು ಚೆಲ್ಲಿದ ಸದ್ದಾಯಿತು. ಇಬ್ಬರೂ ಏಳಲಿಲ್ಲ.